ಬಲತೋಳಿನ ನಾಲ್ಕು ಕಲೆ

ನಾನು ಮಾಡಿದ ಕೆಲಸ ಈಗ ಇಲ್ಲ. ಊರೂರು ತಿರುಗಿ ಮಕ್ಕಳ ತೋಳಿಗೆ ಸಿಡುಬಿನ ಲಸಿಕೆ ಹಾಕುವುದು ನನ್ನ ನೌಕರಿಯಾಗಿತ್ತು. ಸಿಡುಬೇ ಹೋದ ಮೇಲೆ ಲಸಿಕೆ ಯಾರಿಗೆ ಹಾಕುವುದು? ತನ್ನ ಕೆಲಸ ಲೋಕದಲ್ಲೇ ಇಲ್ಲದಂತಾಯಿತೆಂದು ಖುಷಿಪಡುವ ಪಿಂಚಣಿದಾರರು ಬಹಳ ಮಂದಿ ಇರಲಿಕ್ಕಿಲ್ಲ. ನಾನೊಬ್ಬ ಇದ್ದೇನೆ.

ನಮ್ಮ ಕಡೆ ಸಿಡುಬಿಗೆ ದೇವಿ ಎನ್ನುತ್ತಾರೆ. ಲಸಿಕೆ ಹಾಕುವುದಕ್ಕೂ ದೇವಿ ಹಾಕುವುದು ಎಂದೇ ಹೆಸರು, ಹಾಕುವವನು ದೇವಿ ಡಾಕ್ಟರು. ಡಾಕ್ಟರಕಿ ಓದಿದವನೇನಲ್ಲ ನಾನು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಕೆಲವು ತಿಂಗಳ ತರಬೇತಿ ಮುಗಿಸಿದವನು. ಆದರೂ ಜನ ಡಾಕ್ಟರು ಎಂದಾಗ ಬೇಡ ಎಂದದ್ದು ನೆನಪಿಲ್ಲ.

ನನ್ನ ಅಕ್ಕನ ಮೊಮ್ಮಗಳು ಈ ವರ್ಷ ಆರೋಗ್ಯ ಖಾತೆಯಲ್ಲಿ ನರ್ಸ್ ಆಗಿ ಸೇರಿದ್ದಾಳೆ. ಹಳ್ಳಿ ತಿರುಗುವ ಕೆಲಸ. ಹೋದ ವಾರ ಬಂದವಳು ಉಸ್ಸೆಂದು ಕುಳಿತು, "ಮುತ್ಯಾ, ಆ ಮಂದಿಗೆ ಏನ್ ಹೇಳಿದ್ರೂ ತಿಳಿಯಂಗಿಲ್ರಿ. ಹೊಲಸ ಮಂದಿ" ಎಂದಳು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನೂ ಇದೇ ಮಾತನ್ನು ಇದೇ ಧಾಟಿಯಲ್ಲಿ ಆಡಿದ್ದೆ. ಬೈದರೆ ಅವಳು ಕೇಳುವವಳಲ್ಲ, ನಮ್ಮ ಮನೆತನದ ಸಿಟ್ಟು ಅವಳಿಗೂ ಬಂದಿದೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಎಲ್ಲಿಂದ ಎಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ, ಬೇಕಾದರೆ ಅಲ್ಲಿ ನೋಡಿಕೊಳ್ಳಲಿ.

ನಲವತ್ತರ ದಶಕದ ಮಾತು. ಯುದ್ಧ ನಡೆದಿತ್ತು. ನಮ್ಮ ಮನೆ ವಿಜಾಪುರದ ಜೋರಾಪುರ ಪೇಟೆಯಲ್ಲಿ. ಅಪ್ಪನದು ಕಿರಾಣಿ ಅಂಗಡಿ. ನನ್ನ ಆಸ್ತಿ ಎಂದರೆ ಒಂದು ಸೈಕಲ್, ಒಂದು ತಗಡಿನ ಪೆಟ್ಟಿಗೆ, ಒಂದು ಮಣ್ಣಿನ ಗಡಿಗೆ. ಬೆಳಗಾವಿಯಲ್ಲಿ ಕರುಗಳ ಮೈಮೇಲಿನ ಗುಳ್ಳೆಯಿಂದ ತಯಾರಾಗಿ ಅಂಚೆಯಲ್ಲಿ ಬರುತ್ತಿದ್ದ ಲಸಿಕೆ ಕಡ್ಡಿಯಂಥ ಸಣ್ಣ ಗಾಜಿನ ನಳಿಕೆಗಳಲ್ಲಿ ಇರುತ್ತಿತ್ತು. ಬಿಸಿಲು ತಾಗಿದರೆ ಕೆಟ್ಟೇ ಹೋಗುತ್ತಿತ್ತು. ಗಡಿಗೆಯಲ್ಲಿ ಒದ್ದೆ ಮರಳು ತುಂಬಿ, ನಳಿಕೆಗಳನ್ನು ಅದರೊಳಗೆ ಹುಗಿದು, ಬಾಯಿಗೆ ಹಸಿ ಬಟ್ಟೆ ಕಟ್ಟಿ, ಸೈಕಲ್ಲಿನ ಹಿಡಿಕೆಗೆ ನೇತುಹಾಕಿಕೊಂಡು ಹೋಗುತ್ತಿದ್ದೆ. ದೂರದಿಂದ ಗಡಿಗೆ ಕಂಡರೆ ಸಾಕು, ಊರಿನ ಮಕ್ಕಳೆಲ್ಲ ದಿಕ್ಕಾಪಾಲಾಗಿ ಓಡುತ್ತಿದ್ದವು.

ಕೆಲಸ ಹೀಗೆ. ಎಡತೋಳನ್ನು ಸ್ವಚ್ಛ ಮಾಡಿ ನಾಲ್ಕು ಕಡೆ ಲಸಿಕೆಯ ಹನಿ ಇಡುವುದು. ಹಲ್ಲುಗಳಿದ್ದ ಒಂದು ಸಣ್ಣ ಬಿಲ್ಲೆಯನ್ನು ಹನಿಯ ಮೇಲಿಟ್ಟು ತಿರುಗಿಸಿದರೆ ಚರ್ಮ ಗೀರಿ ಲಸಿಕೆ ಒಳಗೆ ಇಳಿಯುತ್ತಿತ್ತು. ಎಂಟನೆಯ ದಿನ ಮತ್ತೆ ಹೋಗಿ ನೋಡಬೇಕು. ಗೀರಿದ ಜಾಗದಲ್ಲಿ ಗುಳ್ಳೆ ತುಂಬಿ ನಿಂತಿದ್ದರೆ ರಜಿಸ್ಟರಿನಲ್ಲಿ 'ಎದ್ದಿದೆ' ಎಂದು ಬರೆಯುವುದು, ಗೀರು ಸುಮ್ಮನೆ ಒಣಗಿ ಹೋಗಿದ್ದರೆ 'ಎದ್ದಿಲ್ಲ' ಎಂದು. ಎದ್ದ ಮಗುವಿಗೆ ಸಿಡುಬಿನ ಭಯವಿಲ್ಲ. ಏಳದಿದ್ದರೆ ಲಸಿಕೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಗುಳ್ಳೆ ಒಣಗಿದ ಮೇಲೆ ಉಳಿಯುವ ಕಲೆ ಮಾತ್ರ ಸಾಯುವ ತನಕ ಹೋಗುವುದಿಲ್ಲ.

ಜನ ನಮಗೆ ಹೆದರುತ್ತಿದ್ದರು. ಮಗುವಿನ ಮೈಗೆ ತಾನಾಗಿ ಬರಬೇಕಾದ ದೇವಿಯನ್ನು ಈ ಚಡ್ಡಿ ಹಾಕಿದವನು ಕರೆತರುತ್ತಾನೆ ಎಂದು ಅವರ ಅಂಜಿಕೆ. ಅರಕೇರಿಯಲ್ಲಿ ಒಮ್ಮೆ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು, "ನಮ್ಮ ಮನ್ಯಾಗ ಕೂಸs ಇಲ್ರಿ ಯಪ್ಪಾ, ದೇವರ ಇನ್ನೂ ಕಣ್ಣ ತೆರದಿಲ್ಲ" ಎಂದು ಕಣ್ಣೊರೆಸಿಕೊಂಡಳು. ನನಗೂ ಪಾಪ ಅನ್ನಿಸಿ ಹೊರಡಬೇಕು, ಅಷ್ಟರಲ್ಲಿ ಒಳಗಿನ ಜೋಳದ ಕಣಜದೊಳಗಿಂದ ಯಾರೋ ಸೀನಿದರು. ಇಣುಕಿ ನೋಡಿದರೆ ಮೂಗಿನ ತುಂಬ ಹೊಟ್ಟು ಮೆತ್ತಿಕೊಂಡ ಎರಡು ಮಕ್ಕಳು. ನಾನೂ ನಕ್ಕೆ, ಅವಳೂ ನಕ್ಕಳು. ಇನ್ನು ಕೆಲವರು ಹಾಕಿಸಿಕೊಂಡು ನಾನು ಓಣಿ ದಾಟುವುದರೊಳಗೆ ತೋಳಿಗೆ ಸಗಣಿ ಹಚ್ಚಿ ತೊಳೆದುಬಿಡುತ್ತಿದ್ದರು. ಹಾಗೆ ತೊಳೆದದ್ದನ್ನು ಕಣ್ಣಾರೆ ಕಂಡದ್ದು ಒಂದೇ ಸಲ. ಆದರೆ ಆ ಒಂದು ಸಲವನ್ನು ಬಹಳ ದಿನ ತಲೆಯಲ್ಲಿ ಇಟ್ಟುಕೊಂಡಿದ್ದೆ.

ನಮ್ಮ ಮೇಲಿನ ಅಧಿಕಾರಿ ಇನ್ಸ್‌ಪೆಕ್ಟರ್ ಗೋವಿಂದರಾಯರು. ಬಡಕಲು ಮೈ, ನಶ್ಯದ ಚಟ, ಮಾತು ಕಡಿಮೆ. ಬೇರೆ ಇನ್ಸ್‌ಪೆಕ್ಟರುಗಳು ಬಂದರೆ ರಜಿಸ್ಟರು ತಿರುವಿ ಸಹಿ ಹಾಕಿ ಹೋಗುತ್ತಿದ್ದರು. ಇವರು ರಜಿಸ್ಟರು ಮುಚ್ಚಿಟ್ಟು ಓಣಿಗೆ ಹೋಗಿ, ಸಿಕ್ಕ ಮಗುವಿನ ತೋಳು ಹಿಡಿದು ಕಲೆ ಎಣಿಸುತ್ತಿದ್ದರು. "ತೋಳ ಸುಳ್ಳ ಹೇಳೂದಿಲ್ಲ" ಎನ್ನುವುದು ಅವರ ಮಾತು. ನನಗೆ ಅವರೆಂದರೆ ಹೆದರಿಕೆ, ಬೆನ್ನ ಹಿಂದೆ ಒಂದಿಷ್ಟು ಅಣಕ.

ಆ ವರ್ಷ ಕೆಲಸದ ಪದ್ಧತಿ ಬದಲಾಯಿತು. ಅಲ್ಲಿಯ ತನಕ ತೋಳನ್ನು ಸಾಬೂನು ನೀರಿನಿಂದ ತೊಳೆದು ಒಣ ಬಟ್ಟೆಯಿಂದ ಒರೆಸುತ್ತಿದ್ದೆವು. ಇನ್ನು ಮುಂದೆ ಸ್ಪಿರಿಟ್ ಹಚ್ಚಿ ಒರೆಸಬೇಕೆಂದು ಹುಕುಂ ಬಂತು. ಗೋವಿಂದರಾಯರು ನಮ್ಮನ್ನೆಲ್ಲ ಕೂಡಿಸಿ ಒಂದು ಮಾತು ಹೇಳಿದರು: "ಸ್ಪಿರಿಟ್ ಪೂರಾ ಆರಬೇಕು, ಆಮ್ಯಾಲ ಲಸಿಕಿ. ಹಸೀ ಸ್ಪಿರಿಟ್ ತಾಕಿದ್ರ ಲಸಿಕಿ ಸಾಯ್ತದ." ನಾನು ತಲೆಯಾಡಿಸಿದೆ. ಹೊಸ ಬಾಟಲಿಯ ಚಂದ ನೋಡುತ್ತಿದ್ದೆ, ಮಾತು ಕಿವಿಯ ಪಕ್ಕದಿಂದ ಹೋಯಿತು.

ಈಗ ಬಬಲೇಶ್ವರದ ಗೌಡರ ಮನೆಯ ವಿಷಯ ಹೇಳಬೇಕು, ಅದಿಲ್ಲದಿದ್ದರೆ ಟಿಕೋಟಾದಲ್ಲಿ ನಾನು ನಡೆದುಕೊಂಡ ರೀತಿಗೆ ಬುಡ ಸಿಗುವುದಿಲ್ಲ. ಬಬಲೇಶ್ವರದ ಒಂದು ದೊಡ್ಡ ಮನೆಗೆ ಲಸಿಕೆ ಹಾಕಲು ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಕರಿ ಟೊಪ್ಪಿಗೆ. ಪಡಸಾಲೆಗೆ ಕರೆದು ಕೂಡಿಸುತ್ತಾರೆ ಎಂದುಕೊಂಡು ಚಪ್ಪಲಿ ಬಿಟ್ಟೆ. ಒಳಗಿನಿಂದ ಗೌಡರ ತಾಯಿಯ ದನಿ ಕೇಳಿತು: "ಊರ ಮಂದಿ ರಗತಾ ಮುಟ್ಟಿ ಬಂದಾನ. ಆಕಳ ಕೀವು ಹೊತಗೊಂಡ ತಿರಗಾಂವ. ಪಡಸಾಲ್ಯಾಗ ಕರೀಬ್ಯಾಡ." ಗೌಡರು ಮುಖ ನೋಡದೆ, "ಅಲ್ಲೇ ಎತ್ತ ಕಟ್ಟೂ ಕಡೆ ಕೂಡಪಾ" ಎಂದರು. ಎತ್ತುಗಳ ಪಕ್ಕ, ಮೇವಿನ ಕಟ್ಟಿನ ಮೇಲೆ ಕುಳಿತು ಆ ಮನೆಯ ಆರು ಮಕ್ಕಳಿಗೆ ಲಸಿಕೆ ಹಾಕಿದೆ. ನನ್ನ ಕಿವಿ ಸುಡುತ್ತಿದ್ದವು. ನೌಕರಿಯೇ ಬೇಡ ಅನ್ನಿಸಿತು.

ಹಾಗೆ ಅವಮಾನ ಉಂಡವನು ಇನ್ನೊಬ್ಬರಿಗೆ ಉಣಿಸಬಾರದು ಎಂದು ಕಲಿಯಬೇಕಿತ್ತು. ನಾನು ಕಲಿತದ್ದು ಬೇರೆ. ನನ್ನನ್ನು ಕೆಳಗೆ ಕೂಡಿಸುವವರು ಇದ್ದರೆ ನಾನು ಕೆಳಗೆ ಕೂಡಿಸುವವರೂ ಇರಬೇಕು ಎಂದು ಮನಸ್ಸು ಹುಡುಕತೊಡಗಿತು. ಹುಡುಕಿದರೆ ಸಿಗುವುದು ಕಷ್ಟವೇ?

ಟಿಕೋಟಾದಲ್ಲಿ ಊರಿನ ಅಂಚಿಗೆ ತೊಗಲು ಹದ ಮಾಡುವವರ ಕೇರಿ ಇತ್ತು. ಸುಣ್ಣದ ಗುಂಡಿಗಳು, ಒಣಹಾಕಿದ ತೊಗಲುಗಳು, ಆ ಕೆಲಸದ ವಾಸನೆ. ಚಳಿಗಾಲದ ಕೊನೆಗೆ ಅಲ್ಲಿಗೆ ಹೋದೆ. ಕೇರಿಯ ಹಿರಿಯ ಹೆಣ್ಣುಮಗಳು ದುರ್ಗವ್ವ ಎಂಬಾಕೆ ಮಕ್ಕಳನ್ನೆಲ್ಲ ತಾನೇ ಕರೆದು ಸಾಲಾಗಿ ನಿಲ್ಲಿಸಿದ್ದಳು. ಯಾರೂ ಓಡಲಿಲ್ಲ, ಕಣಜದಲ್ಲಿ ಅಡಗಲಿಲ್ಲ. ಬೇರೆ ಊರಾಗಿದ್ದರೆ ಕೈ ಮುಗಿಯುತ್ತಿದ್ದೆ. ಅಲ್ಲಿ ಅದನ್ನು ನಾನು ಗಮನಿಸಲೂ ಇಲ್ಲ. ದುರ್ಗವ್ವ ಕೂಡಲು ಮಣೆ ತಂದಿಟ್ಟಳು. ನಾನು ನಿಂತೇ ಇದ್ದೆ.

"ದಿನಾ ತೊಗಲು ಮುಟ್ಟು ಮಂದಿ. ಜಳಕಾ ಮಾಡಸ್ತಿರ್ಯೋ ಇಲ್ಲೋ ಕೂಸುಗೋಳಿಗೆ?" ಎಂದೆ.

"ಮಾಡಸೇವ್ರಿ. ಮುಂಜಾನೆ ಎದ್ದು ಎಲ್ಲಾರಿಗೂ ಎರದs ನಿಲ್ಲಿಸೇನಿ."

ಮಕ್ಕಳ ತೋಳು ನಿಜಕ್ಕೂ ಸ್ವಚ್ಛವಾಗಿದ್ದವು. ಆದರೂ ಮೂಗು ಸಿಂಡರಿಸಿಕೊಂಡು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹಿಂಡದೆ, ಒಂದೊಂದು ತೋಳನ್ನೂ ಎರಡೆರಡು ಸಲ ಉಜ್ಜಿದೆ. ಸ್ಪಿರಿಟ್ ಮೊಳಕೈ ತನಕ ಇಳಿಯುತ್ತಿತ್ತು. ಅದು ಆರುವ ತನಕ ಯಾರು ಆ ವಾಸನೆಯಲ್ಲಿ ನಿಲ್ಲಬೇಕು? ಉಜ್ಜಿದ ಕೈಯಲ್ಲೇ ಹನಿ ಇಟ್ಟು ಬಿಲ್ಲೆ ತಿರುಗಿಸಿ ಮುಂದಕ್ಕೆ ನೂಕಿದೆ. ಹತ್ತೊಂಬತ್ತು ಮಕ್ಕಳಿಗಾಗುವಷ್ಟರಲ್ಲಿ ಬಾಟಲಿ ಖಾಲಿಯಾಯಿತು. ಉಳಿದ ಮೂರು ಮಕ್ಕಳನ್ನು ಇನ್ನೊಮ್ಮೆ ಬಂದು ನೋಡುವ ಮನಸ್ಸಿಲ್ಲದೆ, ಹಾಗೆಯೇ ಒಣ ತೋಳಿಗೇ ಹಾಕಿ ಸೈಕಲ್ ಹತ್ತಿದೆ. ಹೊರಡುವಾಗ ದುರ್ಗವ್ವ, "ಒಂದ ತಟಕ ಕೂಡ್ರಿ ಸಾಹೇಬ್ರ, ದಣದೀರಿ" ಎಂದಳು. ಉತ್ತರವನ್ನೂ ಕೊಡಲಿಲ್ಲ.

ಎಂಟನೆಯ ದಿನ ನೋಡಲು ಹೋದೆ. ಮೊದಲನೆಯ ಮಗುವಿನ ತೋಳಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಏಳು ತೋಳು ನೋಡಿದೆ, ಏಳರಲ್ಲೂ ಒಣಗಿದ ಗೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಸಿಟ್ಟು ನೆತ್ತಿಗೇರಿತು.

"ತೊಳದೀರಿ. ನಾ ಆ ಕಡೆ ಹೋಗೂದs ತಡಾ, ಸಗಣಿ ಹಚ್ಚಿ ತೊಳದೀರಿ."

"ಇಲ್ರಿ," ದುರ್ಗವ್ವ ಎಂದಳು. "ಒಬ್ಬರೂ ನೀರ ಸೈತ ಹಾಕಿಲ್ಲ. ನಾನs ನಿಂತ ಕಾದೇನಿ."

"ಸುಳ್ಳ ಬ್ಯಾರೆ ಹೇಳ್ತಿ, ಮುದಕಿ. ನಿಮ್ಮಂಥವರಿಗೆ ಮರ್ಯಾದಿ ಕೊಟ್ಟರ ಹಿಂಗs."

ನಾನು ಕೊಟ್ಟ ಮರ್ಯಾದೆ ಯಾವುದು ಎಂದು ಅವಳು ಕೇಳಲಿಲ್ಲ. ಉಳಿದ ಹದಿನೈದು ಮಕ್ಕಳ ತೋಳನ್ನು ನಾನು ನೋಡಲೂ ಇಲ್ಲ. ಇಪ್ಪತ್ತೆರಡು ಹೆಸರಿನ ಮುಂದೆಯೂ 'ಎದ್ದಿಲ್ಲ' ಎಂದು ಬರೆದು, ಪಕ್ಕದಲ್ಲಿ ಕಾರಣ ಬರೆಯುವ ಶೆರಾ ಮನೆಯಲ್ಲಿ 'ಪಾಲಕರು ತೊಳೆದಿದ್ದಾರೆ' ಎಂದು ತುಂಬಿದೆ. ಅಷ್ಟಕ್ಕೆ ಬಿಡದೆ, ಈ ಕೇರಿಯವರನ್ನು ಮಾಮಲೇದಾರ ಕಚೇರಿಗೆ ಕರೆಸಿ ತಾಕೀತು ಮಾಡಬೇಕೆಂದು ಗೋವಿಂದರಾಯರಿಗೆ ಒಂದು ರಿಪೋರ್ಟ್ ಬರೆದುಕೊಟ್ಟೆ. ಬರೆದ ಅಕ್ಷರ ದುಂಡಗೆ ಬಂದಿವೆ ಎಂದು ಎರಡು ಸಲ ಓದಿಕೊಂಡದ್ದೂ ನೆನಪಿದೆ.

ಮೂರು ದಿನದ ಮೇಲೆ ಟಿಕೋಟಾದ ಚಾವಡಿಯಲ್ಲಿ ಬೇರೆ ಓಣಿಯ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದೆ. ದುರ್ಗವ್ವ ಬಂದು ಮೆಟ್ಟಿಲ ಕೆಳಗೆ ನಿಂತಳು. ಒಂದು ಕಂಕುಳಲ್ಲಿ ಎರಡು ವರ್ಷದ ಮೊಮ್ಮಗ ಯಲ್ಲ್ಯಾ, ಇನ್ನೊಂದು ಕೈಯಲ್ಲಿ ನಾಲ್ಕು ವರ್ಷದ ಮೊಮ್ಮಗಳು.

"ಮತ್ಯಾಕ ಬಂದಿ? ಕಚೇರಿಯಿಂದ ಕರೀತಾರ, ಅಲ್ಲೇ ಹೇಳು," ಎಂದೆ.

"ಕಚೇರಿಗೆ ಬರತೇವ್ರಿ. ತೊಗಲು ಸುಣ್ಣದಾಗ ಅದಾವ, ಬಿಟ್ಟ ಬಂದ್ರ ಕೆಡತಾವ, ಆದ್ರೂ ಬರತೇವಿ. ಅದರ ಸಲುವಾಗಿ ಬಂದಿಲ್ಲ." ಅವಳು ಮೊಮ್ಮಗಳ ತೋಳು ಎತ್ತಿ ತೋರಿಸಿದಳು. "ಇದನ್ನ ನೋಡ್ರಿ."

ಎಡತೋಳಿನಲ್ಲಿ ನಾಲ್ಕು ಗುಳ್ಳೆ, ಕಪ್ಪಾಗಿ ಒಣಗುತ್ತ ಬಂದಿದ್ದವು. ಎದ್ದ ಲಸಿಕೆಯನ್ನು ಗುರುತಿಸಲು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇವು ಎರಡೂ ಒಂದs ಮನ್ಯಾಗ ಅದಾವ್ರಿ, ಒಂದs ಕೌದಿ ಒಳಗ ಮಲಗತಾವ. ನಾ ತೊಳದಿದ್ರ ಎರಡನೂ ತೊಳೀತಿದ್ದೆ. ಇಕೀದು ಎದ್ದೈತಿ, ಇವಂದು ಎದ್ದಿಲ್ಲ. ಕೇರ್ಯಾಗ ಮನಿಮನಿಗೆ ಹೋಗಿ ನೋಡೇನಿ. ನಿಮ್ಮ ಬಾಟ್ಲಿ ಮುಗದ ಮ್ಯಾಲ ಹಾಕಿದ್ರೆಲ್ಲ, ಆ ಮೂರೂ ಎದ್ದಾವ. ಬಾಟ್ಲಿ ನೀರ ಹಚ್ಚಿದ ಹತ್ತೊಂಬತ್ತರಾಗ ಒಂದೂ ಇಲ್ಲ."

ಚಾವಡಿಯಲ್ಲಿದ್ದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾವು ತೊಗಲಿನ ಕೆಲಸದವ್ರು," ಎಂದಳು, ಮೆತ್ತಗೆ. "ಮೊದಲ ಹಾಕಿದ್ದು ಆರೂದರಾಗ ಮ್ಯಾಲ ಬಣ್ಣಾ ಹಚ್ಚಿದ್ರ ತೊಗಲು ಹಿಡಿಯಂಗಿಲ್ರಿ. ನಿಮ್ದೂ ಹಂಗೇನರ ಇದ್ದೀತೇನೋ ಅಂತ ಕೇಳಾಕ ಬಂದೆ. ಬಬಲೇಶ್ವರದ ಕಡೆ ದೇವಿ ಬಿದ್ದಾವಂತ. ನಮ್ಮ ಗಂಡಸರು ವಾರಾ ವಾರಾ ಅಲ್ಲಿ ಸಂತಿಗೆ ಚಪ್ಪಲಿ ಒಯ್ಯತಾರ."

"ನನಗ ಕಲಸಾಕ ಬಂದೀಯೇನು?" ಎಂದುಬಿಟ್ಟೆ. ಅವಳು ಮಕ್ಕಳನ್ನು ಕರೆದುಕೊಂಡು ಹೋದಳು. ನನ್ನ ದನಿ ಮಾತ್ರ ಗಟ್ಟಿ ಇತ್ತು. ಉಳಿದ ಮಕ್ಕಳಿಗೆ ಹಾಕದೆಯೇ ಪೆಟ್ಟಿಗೆ ಮುಚ್ಚಿ ಎದ್ದೆ.

ವಿಜಾಪುರಕ್ಕೆ ಸೈಕಲ್ ತುಳಿಯುವಾಗ ದಾರಿಯುದ್ದಕ್ಕೂ ಗೋವಿಂದರಾಯರು ಅಂದು ಹೇಳಿದ, ನಾನು ಕಿವಿಗೆ ಹಾಕಿಕೊಳ್ಳದ ಮಾತು ಕೇಳುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ರಜಿಸ್ಟರು ಬಿಡಿಸಿ ಕುಳಿತೆ. ಸ್ಪಿರಿಟ್ ಬಂದ ದಿನದಿಂದ ಹಾಕಿದ ಒಂದೊಂದು ಹೆಸರನ್ನೂ ನೋಡಿದೆ. ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಎಲ್ಲ ಎದ್ದಿದ್ದವು. ಅಲ್ಲಿ ಹೇಗೆ ಹಾಕಿದ್ದೆ? ಕುರ್ಚಿ ಕೊಟ್ಟಿದ್ದರು. ತೋಳಿಗೆ ಹತ್ತಿ ಮುಟ್ಟಿಸಿದ ಶಾಸ್ತ್ರ ಮಾಡಿ, ಚಹಾ ಕುಡಿದು, ಮಗುವಿನ ಸೋದರಮಾವನ ಮದುವೆಯ ಸುದ್ದಿ ಕೇಳಿ, ಆಮೇಲೆ ಹನಿ ಇಟ್ಟಿದ್ದೆ. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ತೋಳು ಆರಿತ್ತು. ಏಳದ ಹೆಸರುಗಳು ಇದ್ದದ್ದು ಮೂರು ಕಡೆ. ಮೂರೂ ಕಡೆ ನಾನು ನಿಂತೇ ಇದ್ದೆ, ಮೂಗು ಮುಚ್ಚಿಕೊಂಡಿದ್ದೆ, ಹತ್ತಿಯನ್ನು ತೊಯಿಸಿ ತೊಯಿಸಿ ಉಜ್ಜಿದ್ದೆ. ಯಾರನ್ನು ಹೊಲಸು ಎಂದುಕೊಂಡೆನೋ ಅವರ ಮಕ್ಕಳ ತೋಳಿನ ಮೇಲೆಯೇ ನನ್ನ ಕೈಯಾರೆ ಲಸಿಕೆಯನ್ನು ಕೊಂದಿದ್ದೆ. ಅದರ ಮೇಲೆ ಅವರನ್ನೇ ಕಳ್ಳರೆಂದು ಕಚೇರಿಗೆ ಎಳೆಯಲು ಬರೆದುಕೊಟ್ಟಿದ್ದೆ.

ಅಂಗಡಿಗೆ ಹೊರಟಿದ್ದ ಅಪ್ಪ ನನ್ನ ಮುಖ ನೋಡಿ, "ಯಾಕೋ, ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದರು. ಇಲ್ಲ ಎಂದು ಹೇಳಿ ಎದ್ದು ಹೊರಟೆ.

ಗೋವಿಂದರಾಯರ ಮನೆಗೆ ಹೋದಾಗ ಅವರು ಅಂಗಳದಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ನೌಕರಿ ಕಾಯಂ ಆಗಿ ಆರು ತಿಂಗಳೂ ಆಗಿರಲಿಲ್ಲ, ಹೋಗುತ್ತದೆ ಎಂದೇ ತಿಳಿದಿದ್ದೆ. ಅದಕ್ಕಿಂತ ಹೆಚ್ಚಿನ ಭಯ ಬೇರೆ ಇತ್ತು. ಕೇರಿಯ ಹತ್ತೊಂಬತ್ತು ಮಕ್ಕಳು ಲಸಿಕೆಯ ಬಲವಿಲ್ಲದೆ ಇದ್ದವು, ರೋಗ ಬಬಲೇಶ್ವರದ ಹತ್ತಿರ ಬಂದಿತ್ತು.

ರಾಯರು ಚೆಂಬು ಕೆಳಗಿಟ್ಟು ನಶ್ಯ ಏರಿಸಿದರು. ನನಗೆ ಒಂದು ಯುಗ ಕಳೆದಂತಾಯಿತು.

"ಶೆರಾದಾಗ ಏನ ಬರದಿ?"

"ಪಾಲಕರು ತೊಳದಾರ ಅಂತ್ರಿ. ಈಗ ಹೊಡದ ಹಾಕಿ, ನನ್ನ ತಪ್ಪು ಅಂತ ಬರದೇನ್ರಿ."

ರಜಿಸ್ಟರು ಇಸಿದುಕೊಂಡು ನೋಡಿದರು. "ಇಷ್ಟ ವರ್ಷ ಈ ಶೆರಾ ಓದಾಕತ್ತೇನಿ. ತಾಯಿ ತಪ್ಪು, ಬಿಸಿಲಿನ ತಪ್ಪು, ಅಂಚಿಯವನ ತಪ್ಪು. ಹಾಕಿದವನ ಹೆಸರ ಇವತ್ತs ಮೊದಲ ನೋಡಿದ್ದು." ಆಮೇಲೆ ಒಳಗೆ ಹೋಗಿ ಒಂದು ಕಾಗದ ತಂದು ನನ್ನ ಕೈಗಿಟ್ಟರು. ನನ್ನದೇ ದುಂಡು ಅಕ್ಷರ. "ಇದನ್ನ ನಾ ಇನ್ನೂ ಕಳಿಸಿಲ್ಲ. ನೀ ಕೊಟ್ಟ ಲೆಕ್ಕದಾಗ ನಿನಗ ಬೇಕಾದವರ ಮನ್ಯಾಗ ಎಲ್ಲಾ ಎದ್ದಾವ, ಬ್ಯಾಡಾದವರ ಮನ್ಯಾಗ ಒಂದೂ ಎದ್ದಿಲ್ಲ ಅಂತ ಬರದಿದ್ದಿ. ಲಸಿಕಿಗೆ ಏನ ಗೊತ್ತೋ ಅದು ಯಾರ ಮನಿ ಅಂತ? ನಾಳೆ ನಾನs ಹೋಗಿ ತೋಳ ನೋಡಾಂವ ಇದ್ದೆ."

ಆ ಕಾಗದವನ್ನು ಅಲ್ಲೇ ಹರಿದೆ. ಎದೆಯ ಮೇಲಿಂದ ಒಂದು ಚೀಲ ಜೋಳ ಇಳಿಸಿದಷ್ಟು ಹಗುರವಾಯಿತು. ಆದರೆ ಅದು ಅರ್ಧ ಭಾರ ಮಾತ್ರ. ರಾಯರು ತಮ್ಮ ಹತ್ತಿರ ಉಳಿದಿದ್ದ ಹೊಸ ನಳಿಕೆಗಳನ್ನೆಲ್ಲ ನನ್ನ ಗಡಿಗೆಯಲ್ಲಿ ಹುಗಿದು, "ಉಳಿದ ಎರಡ ಕೇರಿಗೆ ನಾ ಹೊಕ್ಕೇನಿ. ನೀ ಟಿಕೋಟಾಕ್ಕ ಹೋಗು. ಕೂತ ಹಾಕು" ಎಂದರು.

ಅಂದೇ ಮಧ್ಯಾಹ್ನ ಕೇರಿಗೆ ಹೋದೆ. ಗಡಿಗೆ ಕಂಡರೂ ಯಾರೂ ಎದ್ದು ಬರಲಿಲ್ಲ. ಗಂಡಸರು ಗುಂಡಿಯ ಹತ್ತಿರ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ದುರ್ಗವ್ವನ ಮನೆಯ ಮುಂದೆ ಸೈಕಲ್ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ತಪ್ಪು ನಂದು. ನೀವು ಯಾರೂ ತೊಳದಿಲ್ಲ. ಸ್ಪಿರಿಟ್ ಆರೂದರಾಗ ನಾನs ಲಸಿಕಿ ಹಾಕಿ ಕೆಡಿಸೇನಿ. ದುರ್ಗವ್ವ, ನೀವು ಹೇಳಿದ್ದು ಖರೆ ಇತ್ತು. ನಾ ನಿಮಗ ಆಡಬಾರದ ಮಾತ ಆಡೇನಿ."

ಹಿರಿಯನೊಬ್ಬ ಮುಂದೆ ಬಂದು, "ಕಚೇರಿಗೆ ಹೋಗೂದು ಐತೇನ್ರಿ ಸಾಹೇಬ್ರ?" ಎಂದ.

"ಇಲ್ಲ. ಆ ಕಾಗದಾ ಹರದ ಬಂದೇನಿ."

ಅವನು ಉಸಿರು ಬಿಟ್ಟು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ದುರ್ಗವ್ವ ಒಳಗೆ ಹೋಗಿ ಅದೇ ಮಣೆ ತಂದು ಹಾಕಿದಳು. ಈ ಸಲ ಕುಳಿತೆ. ಸ್ಪಿರಿಟ್ಟಿನ ಬಾಟಲಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಕಾಸಿ ಆರಿಸಿದ ನೀರು, ಸಾಬೂನು ಕೇಳಿದೆ. ಎಡತೋಳಿನಲ್ಲಿ ಹಳೆಯ ಗೀರುಗಳು ಇನ್ನೂ ಹಕ್ಕಳೆ ಕಟ್ಟಿದ್ದವು, ಆದ್ದರಿಂದ ಎಲ್ಲರಿಗೂ ಬಲತೋಳಿಗೆ ಹಾಕಬೇಕಾಯಿತು. ತೊಳೆದ ಒಂದೊಂದು ತೋಳಿಗೂ ದುರ್ಗವ್ವ ಜೋಳ ಕೇರುವ ಮೊರದಿಂದ ಗಾಳಿ ಹಾಕುತ್ತ ನಿಂತಳು. ನಾನು ನಳಿಕೆ ಮುರಿಯಲು ಹೋದರೆ, "ತಡೀರಿ, ಇನ್ನೂ ಹಸಿ ಐತಿ. ನಿಮಗ ಗಡಿಬಿಡಿ ಭಾಳ" ಎಂದು ಕೈ ತಡೆಯುತ್ತಿದ್ದಳು. ಕೇರಿಯವರು ನಗತೊಡಗಿದರು. ನಾನೂ ನಕ್ಕೆ. ಹತ್ತೊಂಬತ್ತು ಮಕ್ಕಳಿಗೆ ಸಂಜೆಯ ತನಕ ಹಿಡಿಯಿತು. ಆ ವಾಸನೆ ಯಾವಾಗ ಮರೆತುಹೋಯಿತು ಎಂದು ಗೊತ್ತೇ ಆಗಲಿಲ್ಲ.

ಇನ್ನು ಎಂಟು ದಿನ ಕಾಯಬೇಕು. ಆ ಎಂಟು ದಿನ ಹೇಗೆ ಕಳೆದೆನೋ ನನಗೇ ಗೊತ್ತು. ಲಸಿಕೆ ಎದ್ದು ಮೈಗೆ ಬಲ ಬರುವುದರೊಳಗೆ ರೋಗ ಬಂದುಬಿಟ್ಟರೆ ಎಂಬ ಚಿಂತೆ. ಏಳನೆಯ ದಿನ ಬಬಲೇಶ್ವರದ ಸಂತೆಯಲ್ಲಿದ್ದೆ. ಕೇರಿಯ ಒಬ್ಬ ಚಪ್ಪಲಿಯ ಗಂಟು ಹೊತ್ತವನು ನನ್ನನ್ನು ಹುಡುಕಿ ಬಂದು ಹೇಳಿದ: "ದುರ್ಗವ್ವನ ಮೊಮ್ಮಗ ಯಲ್ಲ್ಯಾಗ ನಿನ್ನೆಯಿಂದ ಜ್ವರಾ ಬಂದಾವ್ರಿ. ಮೈ ಕೆಂಡ ಆಗೈತಿ."

ಸಿಡುಬು ಮೊದಲು ಜ್ವರವಾಗಿಯೇ ಬರುವುದು. ಗಡಿಗೆಯನ್ನು ಒಬ್ಬ ಅಂಗಡಿಯವನ ಹತ್ತಿರ ಬಿಟ್ಟು ಟಿಕೋಟಾಕ್ಕೆ ಸೈಕಲ್ ತುಳಿದೆ. ಬಿಸಿಲು ನೆತ್ತಿಯ ಮೇಲಿತ್ತು. ಆ ಮಗುವಿಗೆ ಏನಾದರೂ ಆದರೆ ಮತ್ತೆ ಯಾವ ಮಗುವಿನ ತೋಳನ್ನೂ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿಕೊಂಡಿದ್ದೆ. ಚಪ್ಪಲಿ ಬಿಟ್ಟದ್ದೇ ಒಳಗೆ ನುಗ್ಗಿದೆ. ದುರ್ಗವ್ವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಮುಖ ನೋಡಿದೆ, ಅಂಗಾಲು ನೋಡಿದೆ, ಬಾಯೊಳಗೆ ನೋಡಿದೆ. ಎಲ್ಲೂ ಗುಳ್ಳೆ ಇರಲಿಲ್ಲ. ಆಮೇಲೆ ಬಲತೋಳಿನ ಮೇಲಿನ ಬಟ್ಟೆ ಸರಿಸಿದೆ. ನಾಲ್ಕೂ ಜಾಗದಲ್ಲಿ ಗುಳ್ಳೆ ದುಂಡಗೆ ತುಂಬಿ ನಿಂತಿದ್ದವು, ಸುತ್ತ ಕೆಂಪಗೆ.

"ಎದ್ದಾವ," ಎಂದೆ. "ದುರ್ಗವ್ವ, ಎದ್ದಾವ. ಅದಕs ಜ್ವರಾ ಬಂದಾವ. ನಾಳೆ ನಾಡದ ಇಳೀತಾವ."

ಅವಳು ನನ್ನ ಮುಖವನ್ನು ನೋಡಿದಳು. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ನಾಚಿಕೆಯೇನೂ ಆಗಲಿಲ್ಲ. "ಹಂಗಾರ ಅಳತೀರ್ಯಾಕ? ಕೂಡ್ರಿ, ನೀರ ಕುಡೀರಿ," ಎಂದಳು.

ಮರುದಿನ ಗೋವಿಂದರಾಯರು ತಾವೇ ಬಂದು ತೋಳು ಎಣಿಸಿದರು. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಎದ್ದಿದ್ದವು. ಅವರು ಹೋಗಿದ್ದ ಎರಡು ಕೇರಿಗಳಲ್ಲೂ ಎದ್ದಿದ್ದವು. ಆ ಬೇಸಿಗೆ ಸಿಡುಬು ಟಿಕೋಟಾಕ್ಕೂ ಬಂತು. ಲಸಿಕೆಗೆ ಹೆದರಿ ಹೊಲಕ್ಕೆ ಓಡಿದ್ದ ಇಬ್ಬರು ದೊಡ್ಡವರು ಹಾಸಿಗೆ ಹಿಡಿದರು, ಮುಖದ ತುಂಬ ಕಲೆ ಹೊತ್ತು ಬದುಕಿದರು. ತೊಗಲಿನವರ ಕೇರಿಯ ಒಂದು ಮಗುವಿಗೂ ಏನೂ ಆಗಲಿಲ್ಲ. ಅಷ್ಟು ನಿಶ್ಚಿಂತೆಯ ನಿದ್ದೆ ನನಗೆ ಆ ಮೇಲೆ ಎಂದೂ ಬಂದಿಲ್ಲ.

ಮುಂದೆ ನಾನು ಎಲ್ಲರನ್ನೂ ಸಮನಾಗಿ ಕಂಡ ಸಂತನಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೂಗು ಅದೇ, ಸಿಟ್ಟು ಅದೇ. ಮುದುಕರು ಮಾತು ಕೇಳದಿದ್ದರೆ ಈಗಲೂ ಮೈ ಉರಿಯುತ್ತದೆ. ಆದರೆ ಒಂದು ಅಭ್ಯಾಸ ಮಾಡಿಕೊಂಡೆ. ಯಾರ ಮನೆಗೆ ಹೋದರೂ ಮೊದಲು ಕೂಡುತ್ತಿದ್ದೆ. ಕೂಡಲು ಮನಸ್ಸು ಬಾರದ ಮನೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕೂಡುತ್ತಿದ್ದೆ. ಅಷ್ಟರಲ್ಲಿ ತೋಳು ಆರುತ್ತಿತ್ತು. ಮೊಮ್ಮಗಳೇ, ನಿನ್ನ ಕಾಲದ ಸೂಜಿ ಬೇರೆ, ಔಷಧ ಬೇರೆ. ಕೂಡುವುದು ಮಾತ್ರ ಈಗಲೂ ನಡೆದೀತು.

ನಿವೃತ್ತಿಯಾದ ಮರುವರ್ಷ ಒಂದು ಮದುವೆಗೆಂದು ವಿಜಾಪುರದಿಂದ ಟಿಕೋಟಾ ಕಡೆಯ ಬಸ್ಸು ಹತ್ತಿದ್ದೆ. ಕಂಡಕ್ಟರು ಮೂವತ್ತು ದಾಟಿದ ಎತ್ತರದ ಆಳು. ಗಂಟೆಯ ಹಗ್ಗ ಎಳೆಯಲು ಕೈ ಎತ್ತಿದಾಗ ಅಂಗಿಯ ತೋಳು ಸರಿಯಿತು. ನಾಲ್ಕು ಕಲೆ, ಬಲತೋಳಿನಲ್ಲಿ. ಆ ಸೀಮೆಯಲ್ಲಿ ನಿಯಮದಂತೆ ಎಲ್ಲರಿಗೂ ಎಡತೋಳಿಗೇ ಹಾಕಿದ್ದೇವೆ. ಬಲತೋಳಿನ ಕಲೆ ಯಾರದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಲ್ಲ್ಯಾನಿಗೂ ಈಗ ಇಷ್ಟೇ ವಯಸ್ಸಾಗಿರಬೇಕು.

"ಟಿಕೋಟಾದವರೇನ್ರಿ?" ಎಂದು ಕೇಳಿದೆ.

"ಹೌದ್ರಿ ಯಜಮಾನ್ರ. ಹೆಂಗ ಗೊತ್ತಾತು?"

"ನಿಮ್ಮ ಹೆಸರ ಯಲ್ಲಪ್ಪ ಏನು? ದುರ್ಗವ್ವ ನಿಮಗ ಏನಾಗಬೇಕು?"

"ನಮ್ಮ ಆಯಿರಿ. ತೀರಿಕೊಂಡು ಹತ್ತ ವರ್ಷ ಆತು." ಅವನು ಟಿಕೀಟು ಹರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

"ಆ ತೋಳಿನ ಕಲಿ ಬಗ್ಗೆ ಆಕಿ ಏನರ ಹೇಳತಿದ್ಲೇನು?" ಕೆಟ್ಟದ್ದನ್ನು ಹೇಳಿದ್ದರೂ ಅವಳಿಗೆ ಹಕ್ಕಿತ್ತು.

"ಭಾಳ ಸಲ ಹೇಳತಿದ್ಲರಿ. ಒಬ್ಬ ದೇವಿ ಡಾಕ್ಟರ ಎರಡ ಸಲ ಬಂದಿದ್ನಂತ. ಮೊದಲನೇ ಸಲ ನಿಂತ ಹಾಕಿದಾ, ಒಂದೂ ಏಳಲಿಲ್ಲ. ಎರಡನೇ ಸಲ ಅವನs ಬಂದಾ, ಕೂತ ಹಾಕಿದಾ, ಎಲ್ಲಾ ಎದ್ವು ಅಂತಿದ್ಲು."

"ಅಂವ ನಾನಪಾ," ಎಂದೆ.

ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ಯಲ್ಲಪ್ಪ ನಗುತ್ತ ನನ್ನ ಪಕ್ಕದಲ್ಲಿ ಕುಳಿತು, ಅಂಗಿಯ ತೋಳನ್ನು ಮೇಲಕ್ಕೆ ಮಡಚಿ, ಬಲತೋಳನ್ನು ನನ್ನ ಮುಂದೆ ಚಾಚಿದ. "ಹಂಗಾರ ನೋಡ್ರಿ ಡಾಕ್ಟರ, ಬರೋಬರಿ ಎದ್ದಾವಿಲ್ಲೋ."

ಕನ್ನಡಕ ಹಾಕಿಕೊಂಡು, ಹಳೆಯ ರೂಢಿಯಂತೆ ಬೆರಳಿನಿಂದ ಮುಟ್ಟಿ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು.

"ಎಲ್ಲಾ ಎದ್ದಾವ ನೋಡಪಾ," ಎಂದೆ.